ಹೆಣ್ಣು ನೋಡಲು ಬಂದ ನೆಗಡಿ

ಅವ್ವನ ಪ್ರಕಾರ ನನ್ನ ದಮ್ಮಿಗೆ ಶತ್ರು ಒಂದೇ, ಧೂಳು. ಸದಾಶಿವ ಪೇಠೆಯ ನಮ್ಮ ಡಾಕ್ಟರು ಅವಳೆದುರೇ ಬಿಡಿಸಿ ಹೇಳಿದ್ದರು: ಅಲರ್ಜಿ ಇದ್ದವರ ಶ್ವಾಸನಾಳ ಮೊದಲೇ ಕೆರಳಿ ಊದಿಕೊಂಡಿರುತ್ತದೆ, ಅದರ ಮೇಲೆ ನೆಗಡಿಯ ವೈರಸ್ಸೂ ಬಂತೆಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ, ಬೇರೆಯವರಿಗೆ ಬರೀ ಮೂಗು ಸೋರಿದರೆ ಇವಳಿಗೆ ಎದೆ ಕಟ್ಟುತ್ತದೆ ಎಂದು. ಅವ್ವ ‘ಅಲರ್ಜಿ’ ಎಂಬಲ್ಲಿಗೇ ಕೇಳುವುದು ನಿಲ್ಲಿಸಿ ಕಸಬರಿಗೆ ಹಿಡಿದಳು.

ತೊಂಬತ್ತರ ದಶಕದ ಕೊನೆಯ ಮಾತು. ಇಂದಾಪುರದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಅವ್ವ ಪರದೆ ಒಗೆದಳು, ಹತ್ತಿಯ ಗಾದಿಯನ್ನು ಕಿಟಕಿಯಾಚೆಯ ಗ್ಯಾಲರಿಗೆ ದಬ್ಬಿದಳು, ಊದಿನಕಡ್ಡಿ ಬಂದ್ ಮಾಡಿದಳು. ಕಡೆಗೆ, ನಾನು ಔಷಧಿ ಎಳೆದುಕೊಳ್ಳುವ ಪಂಪನ್ನು ಕಪಾಟಿನಲ್ಲಿಟ್ಟು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ದಮ್ಮು ಅದ ಅಂತ ಗೊತ್ತಾದ್ರ ನಿನ್ನ ಯಾರ್ ಮಾಡ್ಕೋತಾರವಾ?”

ಬಂದರು. ಹುಡುಗ ಬಾಗಿಲಲ್ಲೇ ಸೀನಿದ. ಅವಲಕ್ಕಿಯ ತಟ್ಟೆ ಕೊಡಲು ಬಗ್ಗಿದೆ, ಮತ್ತೆ ಸೀನಿದ, ಸೀದಾ ನನ್ನ ಮುಖಕ್ಕೆ! ಕರವಸ್ತ್ರಕ್ಕಾಗಿ ಜೇಬೆಲ್ಲ ತಡಕಾಡಿ, ಕಿವಿತನಕ ಕೆಂಪಾಗಿ, “ತಪ್ಪಾತ್ರಿ” ಅಂದ. ಎಲಾ ಇವನ, ನನಗೆ ಹಿಡಿಸಿಯೇಬಿಟ್ಟ! ಈ ಸಂಬಂಧ ಕೂಡಿಬರಲಿ ಎಂದು ದೇವರಿಗೆ ಕೈಮುಗಿದೆ. ಅವ್ವನಿಗೆ ಮಾತ್ರ ಮನೆಯಲ್ಲೆಲ್ಲೂ ಧೂಳಿಲ್ಲವೆಂಬ ಸಮಾಧಾನ.

ಎರಡು ಮೂರು ದಿನಕ್ಕೆ ನನ್ನ ಮೂಗೂ ಸೋರಿತು. ಮಾತುಕತೆಗೆಂದು ಅವರು ಮತ್ತೆ ಬರುವ ಹೊತ್ತಿಗೆ ಎದೆ ಸುಂಯ್‌ಗುಡುತ್ತಿತ್ತು. ಪಂಪು ಕೇಳಿದರೆ ಅವ್ವ, “ಅವ್ರು ಹೋಗೂತನಕ ತಡಿ” ಅಂದಳು.

ಹುಡುಗನ ತಾಯಿ ಅಡುಗೆಮನೆಯ ಕಡೆ ಕತ್ತು ಚಾಚಿದರು. “ಕುಕ್ಕರ್ ಸೀಟಿ ಹೊಡ್ಯಾಕತ್ತದೇನ್ರಿ?”

“ಹೌದ್ರಿ, ಬ್ಯಾಳಿ ಇಟ್ಟೇನಿ,” ಅಂದಳು ಅವ್ವ, ಒಂಚೂರೂ ಅಳುಕದೆ.

ನನಗೆ ಸಿಟ್ಟು ನೆತ್ತಿಗೇರಿತು. ಸಂಬಂಧ ತಪ್ಪಿದರೆ ಕೂತು ಅಳಬಹುದು, ಆದರೆ ಅಳುವುದಕ್ಕೂ ಉಸಿರು ಬೇಕಲ್ಲ!

“ಕುಕ್ಕರ್ ಅಲ್ರಿ, ನಾನು,” ಅಂದೆ. “ಅವ್ವಾ, ಕೀಲಿ ಕೊಡು.”

ಎಲ್ಲರೆದುರೇ ಕಪಾಟು ತೆಗೆದು ಪಂಪು ಎಳೆದುಕೊಂಡೆ.

“ಇದೇನವಾ?” ಎಂದರು ಹುಡುಗನ ತಾಯಿ.

“ದಮ್ಮು ರೀ. ಸಣ್ಣಾಕಿ ಇದ್ದಾಗಿಂದ ಅದ. ನೆಗಡಿ ಆದ್ರ ಭಾಳ ಏಳತದ. ಈ ನೆಗಡಿ ಮಾತ್ರ ನಿಮ್ಮ ಮಗಂದು.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ತಾಯಿ ಗಿರ್‍ರನೆ ಮಗನ ಕಡೆ ತಿರುಗಿದರು. “ನೆಗಡಿ ಇಳೀಲಿ, ಮುಂದಿನ ವಾರ ಹೋಗೂಣು ಅಂದಿದ್ನಿಲ್ಲೋ? ಫೋಟೋ ನೋಡಿದಾಗಿಂದ ತಡಕೊಳ್ಳಾಕ ಆಗಲಿಲ್ಲ ನಿನಗ!”

ಹುಡುಗನ ಮೂಗು ಇನ್ನೂ ಸೋರುತ್ತಲೇ ಇತ್ತು. ಚಹಾದ ಕಪ್ಪು ಹಿಡಿದು ಎದ್ದ. “ನೀವು ಮಾತಾಡ್ರಿ, ನಾ ಹೊರಗ ಕುಂದರತೀನಿ,” ಎಂದು ಗ್ಯಾಲರಿಗೆ ಹೋಗಿ ನಮ್ಮ ಗಾದಿಯ ಮೇಲೆ ಕೂತ. ತನ್ನ ಮದುವೆ ನಿಶ್ಚಯವಾದದ್ದನ್ನು ಪಾಪ, ಕಿಟಕಿಯ ಆಚೆಯಿಂದಲೇ ಕೇಳಿಸಿಕೊಂಡ. ನಡುವೆ ಒಮ್ಮೆ ಸರಳುಗಳ ಹತ್ತಿರ ಮುಖ ತಂದು, ಮೂಗಿಗೆ ಕರವಸ್ತ್ರ ಒತ್ತಿಕೊಂಡೇ, “ಉಸಿರು ಹಗುರಾತೇನ್ರಿ?” ಅಂದ.

ಈ ಮೊದಲು ನನ್ನನ್ನು ನೋಡಲು ಬಂದವರು ಅಡುಗೆ ಕೇಳಿದ್ದರು, ಹಾಡು ಕೇಳಿದ್ದರು, ನಡೆಸಿಯೂ ನೋಡಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ನನಗೆ ಅಳುವೇ ಬಂತು.

“ಆತ್ರಿ,” ಅಂದೆ.

ಕೀಲಿ ನನ್ನ ಕೈಯಲ್ಲೇ ಇತ್ತು. ಅವ್ವ ಅದನ್ನು ವಾಪಸ್ಸು ಕೇಳಲಿಲ್ಲ.