ಮಧ್ಯಾಹ್ನ ಒಂದು ಗಂಟೆಯ ನಕಲು

ಭದ್ರಾವತಿಯ ಜನ್ನಾಪುರದಲ್ಲಿ ಬ್ಲೌಸಿನ ತೋಳಿಗೆ ಒಳ್ಳೆ ಕಸೂತಿ ಬೇಕೆಂದರೆ ಶ್ರೀಗೌರಿಯ ಮನೆ ಯಾವುದು ಅಂತ ಕೇಳಿದರೆ ಸಾಕಿತ್ತು. ಕೈಯಲ್ಲಿ ಸೂಜಿ ಹಿಡಿದು ಹಾಕುವ ಕಸೂತಿಯಲ್ಲ. ಅವಳು ಕಂಪ್ಯೂಟರಿನಲ್ಲಿ ಚಿತ್ರ ಬರೆದು, ದಾರ ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಎಂದು ಅದರಲ್ಲೇ ಗುರುತು ಹಾಕಿ, ಪೆನ್‌ಡ್ರೈವಿನಲ್ಲಿ ಒಯ್ದು ಹೊಲಿಗೆ ಯಂತ್ರಕ್ಕೆ ಕೊಡುತ್ತಿದ್ದಳು. ಮಿಕ್ಕಿದ್ದನ್ನು ಯಂತ್ರ ನೋಡಿಕೊಳ್ಳುತ್ತಿತ್ತು. ಎಲ್ಲ ಕಡೆ ಸಿಗುವ ನವಿಲು, ಆನೆ, ಕಮಲಗಳನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಇವಳದು ಹೀರೇಬಳ್ಳಿಯ ಸುರುಳಿ, ದಾಸವಾಳದ ಮೊಗ್ಗು, ಹುಣಸೆ ಚಿಗುರು. ಹುಣಸೆ ಎಲೆಯ ಒಂದು ಸಾಲು ಮನಸ್ಸಿಗೆ ಒಪ್ಪುವಂತೆ ಕೂರಲು ವಾರಗಟ್ಟಲೆ ಹಿಡಿದದ್ದುಂಟು.

ಗಂಡನ ಮನೆ ಬಿಟ್ಟು, ಕೂಸು ಸಿರಿಯನ್ನು ಸೊಂಟದಲ್ಲಿ ಹೊತ್ತು ಅಪ್ಪ ಕೃಷ್ಣಪ್ಪನ ಮನೆಗೆ ಬಂದಾಗ ಅವಳಿಗೆ ಗೊತ್ತಿದ್ದದ್ದು ಸೀರೆಗೆ ಫಾಲ್ಸ್ ಹಚ್ಚಿ ಪಿಕೊ ಹೊಡೆಯುವುದಷ್ಟೇ. ಸೀರೆ ತಂದುಕೊಟ್ಟ ಹೆಂಗಸರು ಜೊತೆಗೊಂದಿಷ್ಟು ಬುದ್ಧಿಮಾತನ್ನೂ ಬಿಟ್ಟಿಯಾಗಿ ಕೊಟ್ಟು ಹೋಗುತ್ತಿದ್ದರು. ಅವಳು ಡಿಸೈನು ಬರೆಯಲು ಕಲಿತ ಮೇಲೆ ಬುದ್ಧಿಮಾತು ನಿಂತಿತು, ಅದೇ ಹೆಂಗಸರು ಸರದಿಗೆ ಕಾದು ಕೂರುವಂತಾಯಿತು. ಯುಗಾದಿಯ ಹೊತ್ತಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬ್ಲೌಸಿನ ಅಂಗಡಿ ಇಟ್ಟಿದ್ದ ವೇದಾ ಕರೆಸಿ ಹೇಳಿದಳು: "ನಿನ್ನ ಡಿಸೈನೆಲ್ಲ ತಗೊಂಡು ಬಂದ್ಬಿಡು ಮಾರಾಯ್ತಿ. ದೀಪಾವಳಿಗೆ ಇಬ್ರ ಹೆಸರೂ ಹಾಕಿ ಬೋರ್ಡ್ ಬರೆಸೋಣ."

ಇಂಥವರ ಮಗಳು, ಇಂಥವನು ಬಿಟ್ಟ ಹೆಂಡತಿ ಎಂದು ಕೇಳಿ ಕೇಳಿ ಶ್ರೀಗೌರಿಯ ಕಿವಿ ತೂತಾಗಿತ್ತು. ಆ ಬೋರ್ಡಿನ ಮೇಲಾದರೂ ತಾನು ಬರೀ ಶ್ರೀಗೌರಿಯಾಗಿ ಇರಬಹುದು ಅನ್ನಿಸಿತು. ಭಯ ಶುರುವಾದದ್ದೂ ಆಗಲೇ. ಬರೆದದ್ದೆಲ್ಲ ಇದ್ದದ್ದು ಮನೆಯ ಆ ಹಳೆ ಕಂಪ್ಯೂಟರಿನಲ್ಲಿ ಮಾತ್ರ. ಪೆನ್‌ಡ್ರೈವಿನಲ್ಲಿ ಹೋದದ್ದನ್ನು ಹೊಲಿಗೆ ಮುಗಿದ ಕೂಡಲೇ ಅಳಿಸುವುದು ಅವಳ ರೂಢಿ. ಶಿವಮೊಗ್ಗದಲ್ಲೇ ದುರ್ಗಿಗುಡಿಯ ಕಂಪ್ಯೂಟರ್ ಅಂಗಡಿಯ ಸುದರ್ಶನನ ಹತ್ತಿರ ಹೋಗಿ, ಇದಕ್ಕೊಂದು ಸುಲಭದ ದಾರಿ ಹೇಳಪ್ಪ ಎಂದಳು.

ಇಂಟರ್ನೆಟ್ಟಿನಲ್ಲಿ ಇಡಬಹುದು ಅಂದ ಅವನು. ಅವಳು ಬೇಡವೆಂದು ತಲೆ ಆಡಿಸಿಬಿಟ್ಟಳು. ಒಮ್ಮೆ ಯಾರಿಗೋ ವಾಟ್ಸಾಪಿನಲ್ಲಿ ಕಳಿಸಿದ ಮೊಗ್ಗು ತಿಂಗಳೊಳಗೆ ಊರವರ ತೋಳಿನ ಮೇಲೆಲ್ಲ ಅರಳಿದ್ದನ್ನು ಕಂಡವಳು ಅವಳು. ಶನಿವಾರಕ್ಕೊಮ್ಮೆ ಕೈಯಾರೆ ನಕಲು ಮಾಡಿಕೊಳ್ಳಿ ಅಂದ. ಒಲೆ ಮೇಲಿಟ್ಟ ಹಾಲೇ ತನಗೆ ನೆನಪಿರುವುದಿಲ್ಲ, ಇನ್ನು ಶನಿವಾರ ಎಲ್ಲಿ ಅಂದಳು. ಸುದರ್ಶನ ನಕ್ಕು ಒಂದು ಪುಟ್ಟ ಕಪ್ಪು ಡಬ್ಬಿ ತೆಗೆದ.

"ಹಂಗಾದ್ರೆ ಇದು ತಗೊಳಿ ಅಕ್ಕಾ. ನೀವೇನೂ ಮಾಡ್ಬೇಡಿ. ದಿನಾ ಒಂದು ಹೊತ್ತಿಗೆ ತಾನೇ ನಕಲು ಮಾಡ್ಕೊಳುತ್ತೆ. ಕಂಪ್ಯೂಟರ್ ಆನ್ ಇರ್ಬೇಕು, ನೀವು ಕೆಲಸ ಮಾಡ್ತಿರ್ಬಾರ್ದು. ಯಾವ ಹೊತ್ತು ಹೇಳಿ."

"ಮಧ್ಯಾಹ್ನ ಒಂದಕ್ಕೆ. ಸಿರಿನ ಸ್ಕೂಲಿಂದ ಕರ್ಕೊಂಡು ಬರೋಕೆ ಹೋಗ್ತೀನಿ."

ಹಾಗೇ ಆಯಿತು. ಮೇಜಿನ ಮೇಲೆ ಡಬ್ಬಿ ಕೂತಿತು, ಅದರ ನೀಲಿ ದೀಪ ಮಿಣುಕಿತು. ಇದೇನು ಅಂತ ಕೃಷ್ಣಪ್ಪ ಕೇಳಿದ. "ಏನೋ ಒಂದು ಡಬ್ಬಿ ಅಪ್ಪ, ನೀನು ಮಾತ್ರ ಮುಟ್ಟಬೇಡ" ಎಂದು ಅವಳು ಮಾತು ಮುಗಿಸಿದಳು. ಸಿರಿಯನ್ನು ಕರೆತಂದು ಒಳಗೆ ಬರುವಷ್ಟರಲ್ಲಿ ದಿನವೂ ಕಂಪ್ಯೂಟರು ಆರಿರುತ್ತಿತ್ತು. ಕೆಲಸ ಮುಗಿದ ಮೇಲೆ ತಾನೇ ಆರುವ ಏರ್ಪಾಡಿರಬೇಕು, ಎಷ್ಟು ಜಾಣತನ ಎಂದು ಮೆಚ್ಚಿಕೊಂಡು ಅವಳು ಮತ್ತೆ ಆನ್ ಮಾಡಿ ಕೂರುತ್ತಿದ್ದಳು. ಸ್ಕೂಲಿಗೆ ರಜೆ ಇದ್ದ ದಿನ ಸಿರಿ ಮಲಗಿದ ಮೇಲೆ ರಾತ್ರಿ ಮಾತ್ರ ಕೂರುತ್ತಿದ್ದಳು. ಡಬ್ಬಿಯನ್ನು ತೆರೆದು ನೋಡುವ ಯೋಚನೆ ಒಂದು ದಿನವೂ ಬರಲಿಲ್ಲ. ಏನೂ ಮಾಡಬೇಡಿ ಅಂದಿದ್ದನಲ್ಲ.

ದಸರೆ ಕಳೆದ ವಾರ ಕಂಪ್ಯೂಟರು ಕರಕರ ಎಂದು ಸದ್ದು ಮಾಡಿ ನಿಂತುಹೋಯಿತು. ಶ್ರೀಗೌರಿ ಹೆದರಲಿಲ್ಲ. ಸಿರಿಗೆ ಜಡೆ ಹಾಕಿ ಸ್ಕೂಲಿಗೆ ಬಿಟ್ಟು, ನೆಮ್ಮದಿಯಿಂದ ಕಾಫಿ ಕುಡಿದು, ಕಂಪ್ಯೂಟರನ್ನೂ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಸುದರ್ಶನ ಡಬ್ಬಿಯನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಒಳಗಿದ್ದದ್ದನ್ನು ತೆರೆದು ನೋಡಿದ.

"ಅಕ್ಕಾ, ಇದ್ರಲ್ಲಿ ಏನೂ ಇಲ್ಲ."

"ಸರಿಯಾಗಿ ನೋಡಪ್ಪ."

"ನೋಡ್ದೆ. ಮೊದಲನೇ ಸಲ ಪೂರ್ತಿ ನಕಲಾಗ್ಬೇಕು, ಒಂದೆರಡು ಗಂಟೆ ಹಿಡಿಯುತ್ತೆ. ದಿನಾ ಒಂದಕ್ಕೆ ಶುರುವಾಗಿದೆ, ದಿನಾ ಸ್ವಲ್ಪ ಹೊತ್ತಿಗೇ ಕರೆಂಟ್ ಹೋಗಿದೆ. ಒಂದು ದಿನಾನೂ ಮುಗಿದಿಲ್ಲ. ಹಿಂಗೆ ತಟ್ಟಂತ ಹೋಗಿ ಹೋಗಿನೇ ಕಂಪ್ಯೂಟರ್ ಒಳಗಿನ ಡಿಸ್ಕೂ ಕೆಟ್ಟಿರ್ಬೇಕು. ನಿಮ್ಮ ಕಡೆ ಮಧ್ಯಾಹ್ನ ಕರೆಂಟ್ ತೆಗೀತಾರಾ?"

ಹಾಗೆ ತೆಗೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸತ್ತ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಮಲವಗೊಪ್ಪ ಹೋಯಿತು, ಮಾಚೇನಹಳ್ಳಿ ಹೋಯಿತು, ಅವಳು ಒಂದನ್ನೂ ಕಾಣಲಿಲ್ಲ.

ಬಾಗಿಲಲ್ಲೇ ಕೃಷ್ಣಪ್ಪ ಚೀಲಕ್ಕೆ ಕೈ ಕೊಟ್ಟ. "ಏನಂತೆ?"

"ಹೋಯ್ತಂತೆ."

"ಅದು ಹೆಂಗೆ ಹೋಗುತ್ತೆ? ಒಂದು ದಿನ ತಪ್ಪಿಸಿಲ್ಲ ನಾನು. ನೀನು ಸಿರಿನ ಕರ್ಕೊಂಡು ಬರೋಕೆ ಹೊರಟ ಮೇಲೆ ಗೋಡೆ ಸ್ವಿಚ್ ಆರಿಸ್ತಿದ್ದೆ, ನೀನು ಬರೋ ಹೊತ್ತಿಗೆ ಹಾಕಿರ್ತಿದ್ದೆ. ಬೆಳಿಗ್ಗೆಯಿಂದ ಓಡಿದ ಮೆಷಿನ್ನು, ಒಂದು ಗಳಿಗೆ ತಣ್ಣಗಾಗ್ಬೇಡ್ವಾ? ಆ ಡಬ್ಬೀನ ಮಾತ್ರ ಮುಟ್ಟಿಲ್ಲ ಕಣೆ, ನೀನು ಬೇಡ ಅಂದಿದ್ದೆಯಲ್ಲ."

ಕೃಷ್ಣಪ್ಪ ಕಾರ್ಖಾನೆಯಲ್ಲಿ ಮೋಟರುಗಳನ್ನು ನೋಡಿಕೊಳ್ಳುತ್ತಿದ್ದವನು. ಬಿಡುವಿಲ್ಲದೆ ಓಡಿದ ಮೋಟರು ಸುಟ್ಟುಹೋಗುವುದನ್ನು ಕಣ್ಣಾರೆ ಕಂಡವನು. ನಿವೃತ್ತಿಗೆ ಮುಂಚೆಯೇ ಕಾರ್ಖಾನೆಯವರು ಮನೆಗೆ ಕಳಿಸಿದ ಮೇಲೆ ಅವನನ್ನು ನಂಬಿ ಯಾರೂ ಒಂದು ಯಂತ್ರ ಕೊಟ್ಟಿರಲಿಲ್ಲ. ಮಗಳಿಗೂ ಹೇಳದೆ ಈ ಒಂದು ಕೆಲಸವನ್ನು ಅವನು ತನ್ನದಾಗಿ ಮಾಡಿಕೊಂಡಿದ್ದ.

ಶ್ರೀಗೌರಿಗೆ ಮೈಯೆಲ್ಲ ಉರಿದುಹೋಯಿತು. ಹಿಡಿದು ಅಲ್ಲಾಡಿಸಿ, ನೀನೇ ಕೊಂದೆ, ನಾನು ಬದುಕಿ ಮಾಡಿದ್ದೆಲ್ಲ ನೀನೇ ಕೊಂದೆ ಎಂದು ಬೀದಿಗೆ ಕೇಳುವಂತೆ ಕೂಗಬೇಕೆನ್ನಿಸಿತು. ಆದರೆ ಅವನು ಶಹಬ್ಬಾಸ್ ಅನ್ನಿಸಿಕೊಳ್ಳಲು ಕಾದವನಂತೆ ಅವಳ ಮುಖವನ್ನೇ ನೋಡುತ್ತ ನಿಂತಿದ್ದ. "ಹಳೇದಾಗಿತ್ತಪ್ಪ" ಎಂದು ಹೇಳಿ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಸುದರ್ಶನ ಕೆಟ್ಟ ಡಿಸ್ಕನ್ನು ಬೆಂಗಳೂರಿಗೂ ಕಳಿಸಿ ನೋಡಿದ. ಹೋದ ಹಾಗೇ ವಾಪಸು ಬಂತು. ಫೋನಿನಲ್ಲಿ ಬ್ಲೌಸುಗಳ ಫೋಟೊಗಳಿದ್ದವು, ಆದರೆ ಫೋಟೊ ನೋಡಿಕೊಂಡು ಹೊಲಿಯುವುದು ಯಂತ್ರಕ್ಕೆ ಬರುವುದಿಲ್ಲ. ಸುದರ್ಶನ ಕೊಟ್ಟ ಬೇರೊಂದು ಕಂಪ್ಯೂಟರಿನಲ್ಲಿ ಹುಣಸೆ ಎಲೆಯನ್ನು ಮೊದಲಿಂದ ಬರೆಯಲು ಕೂತಳು. ಕೈ ಓಡಲಿಲ್ಲ. ಅಪ್ಪ ಇದರ ಸ್ವಿಚ್ಚನ್ನೂ ಆರಿಸುತ್ತಾನೆ, ಬೇಡ ಎಂದರೆ ಯಾಕೆಂದು ಅವನಿಗೆ ಹೇಳಬೇಕಾಗುತ್ತದೆ. ಇದೂ ಉಳಿಯುವುದಿಲ್ಲ ಎಂದು ಗೊತ್ತಿದ್ದವಳ ಕೈ ಹೇಗೆ ಓಡೀತು? ಕಂಪ್ಯೂಟರನ್ನು ಹಿಂದಿರುಗಿಸಿದಳು. ವೇದಾ ದೀಪಾವಳಿ ಕಳೆದರೂ ಕಾದಳು, ಆಮೇಲೆ ಬೇರೆಲ್ಲಿಂದಲೋ ನವಿಲು, ಆನೆಗಳನ್ನು ತರಿಸಿಕೊಂಡು ತನ್ನೊಬ್ಬಳದೇ ಹೆಸರಿನ ಬೋರ್ಡ್ ಹಾಕಿಸಿದಳು. ಬೇಜಾರು ಮಾಡ್ಕೋಬೇಡ ಎಂದು ಫೋನೂ ಮಾಡಿದಳು. ಶ್ರೀಗೌರಿ ಮತ್ತೆ ಫಾಲ್ಸ್, ಪಿಕೊಗೆ ಬಂದು ಕೂತಳು.

ಮೊನ್ನೆ ಪಕ್ಕದ ಮನೆಯ ಚೌಡಮ್ಮ ಸೀರೆ ಹಿಡಿದು ಬಂದವರು, "ಕಂಪ್ಯೂಟರ್ ಕೆಟ್ಟೋಯ್ತಂತಲ್ಲೇ" ಎಂದರು. ಶ್ರೀಗೌರಿ ಬಾಯಿ ತೆರೆಯುವ ಮೊದಲೇ ಕೃಷ್ಣಪ್ಪ ಕುರ್ಚಿಯಿಂದ ಹೇಳಿದ:

"ಹಳೇ ಮಾಲು ಚೌಡಮ್ಮ. ನಾನು ದಿನಾ ರೆಸ್ಟ್ ಕೊಡ್ತಿದ್ದಕ್ಕೆ ಇಷ್ಟು ದಿನ ಬಂತು. ಇಲ್ದಿದ್ರೆ ಯಾವತ್ತೋ ಹೋಗಿರೋದು. ಅಲ್ವೇನೆ ಗೌರಿ?"

ದಾರವನ್ನು ಹಲ್ಲಿನಲ್ಲಿ ಕತ್ತರಿಸಿ ಅವಳು "ಹೌದಪ್ಪ" ಎಂದಳು. ಮನೆಗೆ ಬಂದವರೆಲ್ಲರ ಮುಂದೆ ಅವನು ಇದನ್ನು ಕೇಳುತ್ತಾನೆ, ಅವನು ಇರುವಷ್ಟು ದಿನ ತಾನು ಹೌದು ಅನ್ನಬೇಕು ಎಂದು ಅವಳಿಗೆ ಗೊತ್ತಿದೆ.

"ಹೊಸದು ತಗೋ, ಅದನ್ನೂ ನಾನೇ ನೋಡ್ಕೊಳ್ತೀನಿ" ಎಂದ ಕೃಷ್ಣಪ್ಪ.

"ಇನ್ನು ತಗೊಳ್ಳಲ್ಲಪ್ಪ" ಎಂದು ಶ್ರೀಗೌರಿ ಚೌಡಮ್ಮನ ಸೀರೆಯ ಅಂಚು ಬಿಡಿಸಿದಳು.