ನನ್ನ ಪಾಲಿನ ಎರಡು ಮಾರು ಒಡ್ಡು

ಕೊರಳಿಗೆ ಸೀಟಿ ಬಿದ್ದರೆ ಸಾಕು, ಹುಡುಗ ಮುಂದಾಳು ಆಗಿಬಿಡುತ್ತಾನೆ ಎಂದು ನಮ್ಮ ಡ್ರಿಲ್ ಮಾಸ್ತರರು ನಂಬಿದ್ದರು. ಆ ನಂಬಿಕೆಯ ಫಲವನ್ನು ನಾನು ಉಂಡೆ, ಬಬಲೇಶ್ವರದ ಒಬ್ಬ ಮುದುಕಿ ಉಂಡಳು, ಯಾವ ತಪ್ಪೂ ಮಾಡದ ನನ್ನ ಅವ್ವನೂ ಉಂಡಳು.

ನಾನು ಮ್ಯಾಟ್ರಿಕ್ ಪರೀಕ್ಷೆ ಬರೆದು ಕೂತಿದ್ದ ಬೇಸಿಗೆ ಅದು. ಇಸವಿ ಸಾವಿರದ ಒಂಬೈನೂರ ಅರವತ್ತು ದಾಟಿ ಒಂದೆರಡು ವರ್ಷವಾಗಿತ್ತು. ವಿಜಾಪುರದ ನಮ್ಮ ಶಾಲೆಯ ಇಪ್ಪತ್ತು ಹುಡುಗರನ್ನು ಮೋಟಾರಿನಲ್ಲಿ ತುಂಬಿ, ಹತ್ತು ದಿನದ ಶ್ರಮದಾನ ಶಿಬಿರ ಎಂದು ಬಬಲೇಶ್ವರದಲ್ಲಿ ತಂದು ಸುರುವಿದರು. ಮುಂಜಾನೆ ಕೆಲಸ. ಬಿಸಿಲೇರಿದ ಮೇಲೆ ಊರ ಶಾಲೆಯ ಪಡಸಾಲೆಯಲ್ಲಿ ಮುಂದಾಳುತನದ ಮೇಲೆ ಉಪನ್ಯಾಸ. ಎರಡರಲ್ಲಿ ಯಾವುದು ಹೆಚ್ಚು ಸುಡುತ್ತಿತ್ತು, ಬಿಸಿಲೋ ಉಪನ್ಯಾಸವೋ, ಇಂದಿಗೂ ಹೇಳಲಾರೆ.

ಮಾಸ್ತರರು ಬಾಯಿ ತೆರೆಯುವ ಮೊದಲು ಮೂಗಿಗೆ ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದರು. ಆಮೇಲೆ ತಲೆ ಹಿಂದಕ್ಕೆ ಎಸೆದು, “ಹ್ಞಾಂ! ಹುಡುಗರs! ತಿಳೀತs?” ಏನೂ ಹೇಳುವ ಮೊದಲೇ ತಿಳಿಯಿತೇ ಎಂದು ಕೇಳುವವರು ಅವರೊಬ್ಬರೇ. ಮೊದಲ ದಿನವೇ ಅವರ ಹಿಂದೆ ನಿಂತು ಅದನ್ನೇ ಮಾಡಿ ತೋರಿಸುತ್ತಿದ್ದ ನಾನು ಸಿಕ್ಕಿಬಿದ್ದೆ. ಬೆತ್ತ ಬೀಳುತ್ತದೆಂದು ಕೈ ಚಾಚಿದೆ. ಬಿದ್ದದ್ದು ಸೀಟಿ.

“ಇಷ್ಟು ಛಂದ ಮಾತಾಡ್ತೀಯಲ್ಲಲೇ ಮಂಗ್ಯಾ. ನೀನs ಮುಂದಾಳು.”

ಶಿಕ್ಷೆಯೋ ಬಹುಮಾನವೋ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮುಂದಾಳು ಆದದ್ದು ಆಯಿತು, ಹಿಂಬಾಲಿಸುವವರು ಬೇಕಲ್ಲ? ಮರುದಿನ ಮುಂಜಾನೆ ನನ್ನ ದನಿಯಲ್ಲಿ “ಏಳ್ರಲೇ” ಎಂದೆ. “ನೀ ಯಾವಾಂವಲೇ?” ಎಂದು ಹಾಸಿಗೆಯೊಳಗಿಂದ ಉತ್ತರ ಬಂತು. ಹೊರಗೆ ಹೋಗಿ ಕಿಟಕಿಯ ಮರೆಯಲ್ಲಿ ನಿಂತು “ಹ್ಞಾಂ! ಹುಡುಗರs!” ಎಂದೆ. ಹತ್ತೊಂಬತ್ತೂ ಜನ ಗುದ್ದಲಿ ಹಿಡಿದು ಸಾಲಾಗಿ ನಿಂತಿದ್ದರು. ಶಿಬಿರ ಮುಗಿಯುವವರೆಗೂ ಹೀಗೆಯೇ ನಡೆಯಿತು. ದನಿ ಮಾಸ್ತರರದು, ಬೆವರು ಹುಡುಗರದು, ಹೆಸರು ನನ್ನದು.

ನಮಗೆ ವಹಿಸಿದ್ದು ಊರೆಲ್ಲ ಆಯಿ ಎಂದು ಕರೆಯುತ್ತಿದ್ದ ಒಬ್ಬ ಮುದುಕಿಯ ಹೊಲ. ಅವಳೂ ಅವಳ ಮೈದುನರ ಹೆಂಡಿರಾದ ಇಬ್ಬರು ನೆಗೆಣ್ಣಿಯರೂ ಸೇರಿ ಸಾಗಿಸುತ್ತಿದ್ದ ಹೊಲ. ಹಿಂದಿನ ಮಳೆಗೆ ಒಡ್ಡು ಒಡೆದು ಕರಿಮಣ್ಣು ಹಳ್ಳಕ್ಕೆ ಇಳಿದಿತ್ತು. “ಮಿರಗಾ ಮಳಿ ಕೂಡೂದ್ರಾಗ ಒಡ್ಡ ನಿಲ್ಲಬೇಕ್ ನೋಡ್ರೆಪಾ. ಇಲ್ಲಾಂದ್ರ ಉಳದ ಮಣ್ಣೂ ಹಳ್ಳದ ಪಾಲು. ಆಮ್ಯಾಲ ಜ್ವಾಳಾ ಏನ್ ಬಂಡಿಗಲ್ಲಿನ ಮ್ಯಾಲ ಬಿತ್ತಲ್ಯಾ?” ಎಂದು ದಿನಕ್ಕೆ ಮೂರು ಸಲ ಹೇಳುತ್ತಿದ್ದಳು.

ಒಡ್ಡು ಹಾಕುವುದು ಗೊತ್ತಿದ್ದವನು ನಮ್ಮಲ್ಲಿ ಒಬ್ಬನೇ, ತಿಕೋಟಾದ ಒಕ್ಕಲಿಗರ ಮನೆಯ ಹುಡುಗ. ದಿನಕ್ಕೆ ನಾಲ್ಕು ಮಾತು, ಅದರಲ್ಲಿ ಎರಡು ‘ಹೂಂ’. ಬುಡ ತೋಡಿ ದೊಡ್ಡ ಕಲ್ಲು ಕೂಡಿಸಬೇಕು, ಸಂದಿಗೆ ಸಣ್ಣ ಕಲ್ಲು ಬಡಿಯಬೇಕು, ಆಮೇಲೆಯೇ ಮಣ್ಣು. ಇದನ್ನು ಅವನು ಹೇಳಲಿಲ್ಲ, ಮಾಡಿ ತೋರಿಸಿದ. ಒಬ್ಬೊಬ್ಬರಿಗೆ ಎರಡೆರಡು ಮಾರು ಪಾಲು. ಸೀಟಿ ಊದುವುದರಲ್ಲಿ ಒಂಬತ್ತು ದಿನ ಕಳೆದ ನಾನು ಕೊನೆಯ ದಿನ ನನ್ನ ಪಾಲಿಗೆ ಬರೀ ಮಣ್ಣು ಎಳೆದು, ಮೇಲೆ ನಾಲ್ಕು ಕಲ್ಲು ಶೃಂಗಾರಕ್ಕೆ ಇಟ್ಟೆ.

ತಿಕೋಟಾದವನು ಬಂದು ನೋಡಿದ. “ಬುಡಕ್ಕ ಕಲ್ಲ ಹಾಕೋ.”

ನಾನು ಮೂಗಿಗೆ ಚಿಟಿಕೆ ಏರಿಸಿದಂತೆ ಮಾಡಿ, “ಹ್ಞಾಂ! ಮುಂದಾಳು ಕೈ ಹೊಲಸ ಮಾಡ್ಕೊಳ್ಳಂಗಿಲ್ಲ, ತಿಳೀತs?” ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ನಗಲಿಲ್ಲ.

ಅಂದು ಆಯಿ ಎಲ್ಲರಿಗೂ ರೊಟ್ಟಿ, ಶೇಂಗಾ ಚಟ್ನಿ ಬಡಿಸಿ, ಸೀಟಿಯವನೇ ಹಿರಿಯ ಎಂದು ನನ್ನನ್ನು ಕೇಳಿದಳು: “ಮುಯ್ಯಿ ಹ್ಯಾಂಗ್ ತೀರಸೂದಪಾ? ನಿಮ್ಮ ಹೊಲಾ ಎಲ್ಲಿ ಬರ್ತೈತಿ?”

ಆ ಕಡೆಯ ರೀತಿ ಹಾಗೆ. ಕೂಲಿ ಇಲ್ಲದೆ ಯಾರಾದರೂ ನಿಮ್ಮ ಹೊಲಕ್ಕೆ ಇಳಿದರೆ, ನೀವು ಅವರ ಹೊಲಕ್ಕೆ ಇಳಿದು ಮುಯ್ಯಿ ತೀರಿಸಬೇಕು. ಇಲ್ಲದಿದ್ದರೆ ನಾಲ್ಕು ಮಂದಿಯಲ್ಲಿ ತಲೆ ಎತ್ತುವಂತಿಲ್ಲ. ನನಗೆ ಇದೆಲ್ಲ ಎಲ್ಲಿ ಗೊತ್ತು? “ವಿಜಾಪುರಕ್ಕ ಬರ್ರಿ ಆಯಿ, ನಮ್ಮನ್ಯಾಗ ಕೆಲಸ ರಗಡ ಐತಿ!” ಎಂದು ಓಣಿಯ ಗುರುತೂ ಹೇಳಿದೆ. ಮತ್ತೆ ನಗೆ. ಸಂಜೆ ಮಾಸ್ತರರು ನನಗೆ ‘ಉತ್ತಮ ಮುಂದಾಳು’ ಎಂಬ ಕಾಗದ ಕೊಟ್ಟರು.

ಎರಡು ವಾರದ ನಂತರ, ಒಂದು ಮುಂಜಾನೆ, ಮೂವರು ಹೆಂಗಸರು ಕುಡಗೋಲು, ಬುತ್ತಿಗಂಟು ಸಮೇತ ನಮ್ಮ ಬಾಗಿಲಲ್ಲಿ.

“ಸೀಟಿ ಊದೂ ಹುಡುಗನ ಮನಿ ಇದs ಹೌದಿಲ್ಲರಿ? ಮುಯ್ಯಾಳು ಬಂದೇವಿ. ಹೊಲಾ ತೋರಸ್ರಿ.”

ನಮ್ಮ ಮನೆಯ ಒಟ್ಟು ಬೇಸಾಯವೆಂದರೆ ಒಂದು ತುಳಸಿ ಗಿಡ. ಅಪ್ಪ ಕಚೇರಿಗೆ ಹೊತ್ತಾಯಿತೆಂದು ಒಂದು ತಾಸು ಮೊದಲೇ ಪಾರಾದರು. ಅವ್ವ ಚಹಾ ಕುಡಿದು ಹೋಗಿ ಎಂದು ಕೈ ಮುಗಿದಳು. ಆಯಿ ಹೊಸ್ತಿಲಲ್ಲಿ ಕೂತಳು. “ಕೆಲಸಾ ಕೊಡ್ರಿ, ಚಾ ಕುಡೀತೇವಿ. ಇಲ್ಲಾಂದ್ರ ಇಲ್ಲೇ ಕುಂಡ್ರತೇವಿ.”

ಕೊನೆಗೆ ಅವ್ವ ವರ್ಷದ ಶಾವಿಗೆಗೆಂದು ಇಟ್ಟಿದ್ದ ರವೆ ಹೊರತೆಗೆದು ಕಲಸಿದಳು. ಮೂವರೂ ಸೀರೆ ಕಚ್ಚೆ ಬಿಗಿದು ಮಣೆಗೆ ಕೂತರು. ಎಳೆ ಇಳಿಬಿದ್ದ ಕೋಲುಗಳನ್ನು ಒಣಗಿಸಲು ಮಾಳಿಗೆಗೆ ಸಾಗಿಸುವ ಕೆಲಸ ನನ್ನದು. “ಬಾರಪಾ ಮುಂದಾಳು, ಕೋಲ ಹಿಡಿ. ಎಳಿ ಹರದೀ ಮತ್ತ!” ಓಣಿಯ ಹೆಂಗಸರೆಲ್ಲ ನೋಡಲು ಬಂದರು. ನನ್ನ ಸಿಟ್ಟು ಯಾರ ಮೇಲೆ ತೋರಿಸಲಿ? ಬೆಕ್ಕನ್ನು ಬೈದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಬಲೇಶ್ವರದ ದಿಕ್ಕಿಗೆ ಮುಗಿಲು ಕಪ್ಪಾಯಿತು. ಶಾವಿಗೆಯನ್ನು ಒಳಗೆ ಸಾಗಿಸುವುದರೊಳಗೆ ದಪ್ಪ ಹನಿ. ಆಯಿ ಬಾಗಿಲಲ್ಲಿ ನಿಂತು ನಕ್ಕಳು. “ಸುರೀಲಿ ಬಿಡು. ಈ ವರ್ಷ ಒಡ್ಡ ಐತಿ.”

ಕೈಯಲ್ಲಿದ್ದ ಕೊನೆಯ ಕೋಲನ್ನು ಗೋಡೆಗೆ ಆನಿಸಿದೆ. ಮಾಸ್ತರರ ದನಿ ಹುಡುಕಿದೆ, ಬರಲಿಲ್ಲ. ನನ್ನದೇ ದನಿಯಲ್ಲಿ, “ಆಯಿ, ಮೂಲ್ಯಾಗಿನ ಎರಡು ಮಾರಿಗಿ ನಾ ಬುಡಕ್ಕ ಕಲ್ಲ ಹಾಕಿಲ್ಲರಿ” ಎಂದೆ. ಜೀವಮಾನದಲ್ಲಿ ಮೊದಲ ಸಲ, ನಾನು ನನ್ನ ದನಿಯಲ್ಲಿ ಮಾತಾಡಿದ್ದನ್ನು ಎಲ್ಲರೂ ಕೇಳಿದರು.

“ನಿನ್ನ ಬಾಯಾಗ ಮಣ್ಣ ಹಾಕ್ಲಿ!” ಎಂದಳು ಅವ್ವ. ಆಯಿ ಬುತ್ತಿಗಂಟು ಎತ್ತಿಕೊಂಡು ಮಳೆಗೆ ಇಳಿದಳು. ಅವಳೂ ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮುಂಜಾನೆ ತಿಕೋಟಾಕ್ಕೆ ಹೋಗಿ ಆ ಹುಡುಗನ ಎದುರು ನಿಂತೆ. ಎಲ್ಲ ಕೇಳಿಸಿಕೊಂಡು, “ಮುಂದಾಳು ಕೈ ಹೊಲಸ ಮಾಡ್ಕೊಳ್ಳಂಗಿಲ್ಲ ಅಂದಿದ್ದಿ?” ಎಂದ. ಅಷ್ಟು ಉದ್ದದ ಮಾತು ಅವನ ಬಾಯಿಂದ ಕೇಳಿರಲಿಲ್ಲ. ಆಮೇಲೆ ಹಾರೆ ತಂದು ಸೈಕಲ್ಲಿಗೆ ಕಟ್ಟಿ, ನನ್ನನ್ನೂ ಹಿಂದೆ ಕೂಡಿಸಿಕೊಂಡು ಬಬಲೇಶ್ವರದ ದಾರಿ ಹಿಡಿದ.

ಒಡ್ಡು ನಿಂತಿತ್ತು. ಉದ್ದಕ್ಕೂ ನಿಂತಿತ್ತು. ನನ್ನ ಎರಡು ಮಾರು ಮಾತ್ರ ಬೊಕ್ಕಬಾಯಿಯ ಹಾಗೆ ತೆರೆದುಕೊಂಡು, ನಾಲ್ಕು ಬಂಡಿಯಷ್ಟು ಮಣ್ಣನ್ನು ಹಳ್ಳಕ್ಕೆ ಉಗುಳಿತ್ತು. ಮೂರು ದಿನ ಅವನು ಹೇಳಿದ, ನಾನು ಹೊತ್ತೆ. ಇನ್ನೊಂದು ಮಳೆ ಬಂದೀತೆಂದು ಅವಸರಪಡಿಸಲು ಅವನು ಸೀಟಿ ಊದಲಿಲ್ಲ, ಉಪನ್ಯಾಸವನ್ನೂ ಮಾಡಲಿಲ್ಲ. ನಾನು ಕಲ್ಲು ಇಟ್ಟರೆ ಕಾಲಿಂದ ಒದ್ದು ನೋಡುತ್ತಿದ್ದ. ಅಲುಗಾಡಿದರೆ ಮತ್ತೆ ತೆಗೆಸುತ್ತಿದ್ದ. ಆ ಹತ್ತು ದಿನದ ಶಿಬಿರ ನನಗೆ ಏನಾದರೂ ಕಲಿಸಿದ್ದರೆ ಅದು ಶಿಬಿರ ಮುಗಿದ ಮೇಲಿನ ಈ ಮೂರು ದಿನದಲ್ಲಿ. ಇದನ್ನು ಒಪ್ಪಿಕೊಳ್ಳಲು ಈಗಲೂ ಮೈ ಉರಿಯುತ್ತದೆ.

ಕೊನೆಯ ಕಲ್ಲು ಕೂತಾಗ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಆಯಿ ಬಂದು ಒಡ್ಡಿನ ಮೇಲೆ ನಡೆದು ನೋಡಿದಳು. ಆಮೇಲೆ ಎರಡು ಬೆರಳನ್ನು ಮೂಗಿಗೆ ಒಯ್ದು, ತಲೆ ಹಿಂದಕ್ಕೆ ಎಸೆದು, “ಹ್ಞಾಂ! ಹುಡುಗರs! ತಿಳೀತs?” ಎಂದಳು. ನನಗಿಂತ ಚೆನ್ನಾಗಿ ಮಾಡಿದಳು. ತಿಕೋಟಾದವನು ಹೊಟ್ಟೆ ಹಿಡಿದುಕೊಂಡು ಒಡ್ಡಿನ ಮೇಲೆಯೇ ಕೂತುಬಿಟ್ಟ.

ನಾನು ಕೈ ಮುಗಿದೆ. “ಆಯಿ, ಇದಕ್ಕ ಮತ್ತ ಮುಯ್ಯಾಳು ಬರಬ್ಯಾಡ್ರಿ.”

“ನಾ ಯಾಕ ಬರಲ್ಯೋ? ಒಡ್ಡಿನ ಮುಯ್ಯಿ ಶಾವಿಗ್ಯಾಗ ತೀರೇತಿ. ಹಳ್ಳಕ್ಕ ಹ್ವಾದ ಮಣ್ಣ ಯಾರ ತರಾವ್ರು?”

ಹೊಲದ ಮೂಲೆಯಲ್ಲಿದ್ದ ಮಣ್ಣು ಹೊರುವ ಬುಟ್ಟಿ ತೋರಿಸಿದಳು. ತಿಕೋಟಾದವನು ಆಗಲೇ ಸೈಕಲ್ ಹತ್ತಿದ್ದ.