‘ಎಲ್ಲಾ ನಮ್ದೇ’ ಚೆಲುವರಾಜು

ಪರದೇಶದ ಟಾಲಾ ಎಂಬ ಊರಲ್ಲಿ ನೆಲೆಸಿರುವ ಚೆಲುವರಾಜುವಿಗೆ ಲೋಕದ ಯಾವ ವಾದ್ಯ ಕೇಳಿದರೂ ಅದು ನಮ್ಮದೇ. ಪಕ್ಕದ ಮನೆಯ ಥಾಯ್ ಹೆಂಗಸು ಮಾಲೈ ಭಾನುವಾರ ತನ್ನ ದೇಶದವರನ್ನು ಸೇರಿಸಿಕೊಂಡು ಬಾರಿಸಲು ಕೂತರೆ ಸಾಕು, ಲುಂಗಿಯ ಮೇಲೆ ಜಾಕೆಟ್ ಏರಿಸಿ ತೀರ್ಪು ಕೊಡಲು ಹೊರಟೇಬಿಡುತ್ತಾನೆ. ಕಂಚಿನ ತಾಳ ಕಂಡರೆ, “ನಮ್ಮ ಭಜನೇದು!” ಕೋಲಿನಿಂದ ಬಡಿಯುವ ತಂತಿಪೆಟ್ಟಿಗೆ ಕಂಡರೆ, “ನಮ್ಮ ಸಂತೂರು!” ಅದು ಚೀನಾದಿಂದ ಬಂದದ್ದೆಂದು ಮಾಲೈ ನಕ್ಕರೆ, “ಚೀನಾದೋರಿಗೆ ಕೊಟ್ಟೋರ್ಯಾರು?” ಎಂದು ಕಿಡಿಕಿಡಿಯಾಗುತ್ತಾನೆ. ಓದಿದ್ದು ಏಳನೇ ಕ್ಲಾಸು, ಸಿಟ್ಟಿನಲ್ಲಿ ಮಾತ್ರ ಡಬಲ್ ಡಿಗ್ರಿ. “ಎಲ್ಲಾ ನಿಮ್ದೇ ಆದ್ರೆ ನೀವೇ ಬಾರಿಸ್ರೀ,” ಎಂದು ಹೆಂಡತಿ ನೀಲಮ್ಮ ಒಮ್ಮೆ ಎಲ್ಲರೆದುರೇ ಅಂದುಬಿಟ್ಟಳು. ಮಾಲೈ ಎರಡು ಮುಖದ ಮದ್ದಳೆಯನ್ನು ಅವನ ಮುಂದೆ ಸರಿಸಿದಳು. ಚೆಲುವರಾಜುವಿಗೆ ಬಾರಿಸಲು ಬಂದರೆ ತಾನೆ? ಅವನಪ್ಪ ಊರಿಗೆಲ್ಲ ಹೆಸರಾದ ಮೃದಂಗದವನು. ತಾಳ ತಪ್ಪಿದ್ದಕ್ಕೆ ಕೊಟ್ಟ ಒಂದೇಟಿಗೆ ಮುನಿಸಿಕೊಂಡು, ಹನ್ನೆರಡನೇ ವಯಸ್ಸಿಗೇ ಪಾಠ ಬಿಟ್ಟೆದ್ದ ಮಹಾಶಯ ಇವನು. ಪಕ್ಕದ ಬಟ್ಟಲಲ್ಲಿ, ದನಿ ತುಂಬಿ ಬರಲೆಂದು ಮದ್ದಳೆಯ ಮುಖಕ್ಕೆ ಮೆತ್ತಲು ಅನ್ನ, ಬೂದಿ ಕಲಸಿಟ್ಟಿದ್ದರು. ಇನ್ನೂ ಗಂಟುಗಂಟಾಗಿತ್ತು. ಮೃದಂಗದ ಎಡಮುಖಕ್ಕೆ ಮೆತ್ತಲು ಅಪ್ಪನಿಗೆ ದಿನಾ ರವೆ ನಾದಿಕೊಟ್ಟ ಕೈ ಸುಮ್ಮನಿರಲಿಲ್ಲ. ನಾದಿತು, ನುಣ್ಣಗೆ ಮೆತ್ತಿತು. ಮಾಲೈ ಬಾರಿಸಿದಳು, ದನಿ ತುಂಬಿಕೊಂಡಿತು. “ಗ್ರ್ಯಾಂಡ್!” ಅಂದಳು. ಅಂದಿನಿಂದ ಪ್ರತಿ ಭಾನುವಾರ ಅನ್ನ ನಾದುವ ಕೆಲಸ ಅವನದೇ. ತಾಳ, ತಂತಿಗಳ ಮೇಲಿನ ಹಕ್ಕನ್ನೇನೂ ಬಿಟ್ಟಿಲ್ಲ. ಆದರೆ ನೀಲಮ್ಮ ಮದ್ದಳೆ ತೋರಿಸಿ, “ಇದ್ಯಾರ್ದ್ರೀ?” ಎಂದು ಕೆಣಕಿದರೆ, “ಬಾರ್ಸೋರ್ದು ಕಣೇ,” ಎಂದು ಬಟ್ಟಲಿನತ್ತ ತಲೆ ತಗ್ಗಿಸುತ್ತಾನೆ.